ಬೆಳಕಿಗೆ ಬೆಲೆ ಹೇಳಲಾಗದ ವೈರ್‌ಮನ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

ಅವರು ಸಲಹೆಗೆಂದು ನನ್ನ ಬಳಿ ಬಂದದ್ದು ನಿದ್ದೆ ಬರುವುದಿಲ್ಲ ಎಂಬ ದೂರಿನೊಂದಿಗೆ. ನಲವತ್ತರ ಹತ್ತಿರದ ವಯಸ್ಸು. ಹದಿಮೂರು ವರ್ಷ ಕಟ್ಟಡಗಳ ವೈರಿಂಗ್ ಮಾಡಿ, ಈಗ ಗುತ್ತಿಗೆದಾರರೊಬ್ಬರ ಬಳಿ ಮೇಲ್ವಿಚಾರಕರಾಗಿದ್ದಾರೆ. ತೋಟಗಳಿಗೆ, ಮನೆಯಂಗಳಗಳಿಗೆ ದೀಪ ಅಳವಡಿಸುವ ಸ್ವಂತ ವ್ಯವಹಾರ ಶುರು ಮಾಡಬೇಕೆಂದು ಎರಡು ವರ್ಷದಿಂದ ಓಡಾಡುತ್ತಿದ್ದಾರೆ. ಉಳಿತಾಯದ ದೊಡ್ಡ ಪಾಲು ದೀಪಗಳ ಮೇಲೆ ಹಾಕಿಯಾಗಿದೆ. ಹದಿನಾಲ್ಕು ಪೆಟ್ಟಿಗೆಗಳು ಮಲಗುವ ಕೋಣೆಯಲ್ಲೇ ಒಟ್ಟಿಕೊಂಡಿವೆ.

"ಹೆಂಡತಿ ಬೈದರೆ ಪರವಾಗಿಲ್ಲ ಮೇಡಂ. ಏನೂ ಅನ್ನಲ್ಲ. ಅದೇ ತಡೆಯೋಕಾಗಲ್ಲ."

ಇದುವರೆಗೆ ಎಷ್ಟು ತೋಟಗಳಿಗೆ ದೀಪ ಹಾಕಿದ್ದೀರಿ ಎಂದು ಕೇಳಿದೆ. ಒಂದೂ ಇಲ್ಲ ಎಂದರು. ಇನ್ನೂ ಕಲಿಯಬೇಕಾದದ್ದು ಇದೆ, ಇನ್ನೊಂದು ನಮೂನೆಯ ದೀಪ ತರಿಸಬೇಕು, ಮಳೆಗಾಲ ಮುಗಿಯಲಿ. ಕಾರಣಗಳು ಸರಾಗವಾಗಿ ಬಂದವು, ತುಂಬ ಸಲ ಹೇಳಿಕೊಂಡ ಮಾತುಗಳು ಬರುವ ಹಾಗೆ.

ನನಗೆ ಈ ಕಸುಬು ಗೊತ್ತಿಲ್ಲ. ಹಾಗಾಗಿ, ನನಗೆ ಅರ್ಥವಾಗುವ ಹಾಗೆ ಹೇಳಿ ಎಂದೆ. ಕುರ್ಚಿಯ ತುದಿಯಲ್ಲಿ ಮುದುಡಿ ಕೂತಿದ್ದವರು ನನ್ನ ಟಿಪ್ಪಣಿ ಪುಸ್ತಕವನ್ನೇ ಎಳೆದುಕೊಂಡು ಚಿತ್ರ ಬರೆಯತೊಡಗಿದರು. ಮನೆಯೊಳಗೆ 230 ವೋಲ್ಟ್. ತೋಟದ ದೀಪಗಳು ಹೆಚ್ಚಾಗಿ 12 ವೋಲ್ಟ್, ನಡುವೆ ಟ್ರಾನ್ಸ್‌ಫಾರ್ಮರ್. ವೋಲ್ಟ್ ಇಳಿದಷ್ಟೂ ಅದೇ ವ್ಯಾಟ್‌ಗೆ ಕರೆಂಟ್ ಹೆಚ್ಚು ಬೇಕು: 12 ವೋಲ್ಟಿನಲ್ಲಿ 60 ವ್ಯಾಟ್‌ಗೆ 5 ಆಂಪಿಯರ್. ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಅದನ್ನು 30 ಮೀಟರ್ ದೂರ ಕಳಿಸಿದರೆ ಹೋಗಿಬರುವ ದಾರಿ 60 ಮೀಟರ್. ದಾರಿಯಲ್ಲೇ ಎರಡು ವೋಲ್ಟ್‌ಗಿಂತ ಹೆಚ್ಚು ಸೋರಿಹೋಗುತ್ತದೆ. "230ರಲ್ಲಿ ಎರಡು ಹೋದರೆ ಯಾರಿಗೂ ತಿಳಿಯಲ್ಲ. 12ರಲ್ಲಿ ಎರಡು ಹೋದರೆ ಕೊನೆಯ ದೀಪ ಮಂಕಾಗುತ್ತೆ. ಮನೆ ವೈರಿಂಗ್ ಮಾಡಿದವರು ಎಡವೋದು ಇಲ್ಲೇ." ಅದಕ್ಕೇ ತಂತಿ ದಪ್ಪ ಮಾಡಬೇಕು, ಇಲ್ಲವೇ ತೋಟದ ನಡುವೆ ಒಂದು ಜಂಕ್ಷನ್ ಇಟ್ಟು ಅಲ್ಲಿಂದ ದೀಪಗಳಿಗೆ ಹಂಚಬೇಕು. ಟ್ರಾನ್ಸ್‌ಫಾರ್ಮರ್ ಮೇಲೆ ಅದರ ಶಕ್ತಿಯ ಶೇಕಡಾ 80ಕ್ಕಿಂತ ಹೆಚ್ಚು ಹೊರೆ ಹೇರಬಾರದು. ನೆಲದಡಿಯ ಜೋಡಣೆಗೆ ಬರೀ ಟೇಪ್ ಸುತ್ತಿದರೆ ನೀರು ಒಳನುಗ್ಗಿ ತಾಮ್ರ ಹಸಿರುಗಟ್ಟುತ್ತದೆ, ಜೆಲ್ ತುಂಬಿದ ಕನೆಕ್ಟರೇ ಬೇಕು.

ಕಲಿಯಲು ಬಾಕಿ ಇರುವವರ ಮಾತು ಇದಲ್ಲ.

ಎರಡನೆಯ ಭೇಟಿಯಲ್ಲಿ ಗಂಟು ಸಡಿಲವಾಯಿತು. ಒಬ್ಬ ಪರಿಚಿತರು ತಮ್ಮ ತೋಟಕ್ಕೆ ದೀಪ ಹಾಕಿಕೊಡಿ ಎಂದು ಕೇಳಿದ್ದರಂತೆ. ಇವರು ಹೋಗಿ ಅಳತೆ ತೆಗೆದುಕೊಂಡು ಬಂದು, ಮತ್ತೆ ಫೋನ್ ಮಾಡಲೇ ಇಲ್ಲ. "ವೈರಿಂಗ್ ಆದರೆ ಇಷ್ಟು ಪಾಯಿಂಟ್, ಇಷ್ಟು ಮೀಟರ್ ಅಂತ ಹೇಳಬಹುದು. ಆ ಮರಕ್ಕೆ ಕೆಳಗಿಂದ ಎರಡು ದೀಪ ಸಾಕು. ಆದರೆ ಎಲ್ಲಿಡಬೇಕು ಅಂತ ಯೋಚಿಸಿದ್ದಕ್ಕೆ ದುಡ್ಡು ಹೇಗೆ ಕೇಳಲಿ? ಎರಡು ದೀಪಕ್ಕೆ ಇಷ್ಟಾ ಅಂದುಬಿಟ್ಟರೆ?"

ಕೊಳ್ಳುತ್ತಲೇ ಇದ್ದದ್ದು ಆ ಪ್ರಶ್ನೆಯನ್ನು ಮುಂದೂಡಲು. ಪೆಟ್ಟಿಗೆ ಬಂದಾಗಲೆಲ್ಲ ವ್ಯವಹಾರ ಒಂದು ಹೆಜ್ಜೆ ನಡೆದಂತೆ ಅನ್ನಿಸುತ್ತಿತ್ತು, ಯಾರ ಬಾಯಿಂದಲೂ 'ಬೇಡ' ಕೇಳಬೇಕಾಗಿರಲಿಲ್ಲ. ಇದನ್ನು ಸೋಮಾರಿತನ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಗಲಿಡೀ ದುಡಿದು ರಾತ್ರಿ ತಂತಿಯ ಲೆಕ್ಕ ಹಾಕುವವರು ಸೋಮಾರಿಗಳಲ್ಲ. ಮೈದುಡಿಮೆಗೆ ಕೂಲಿ ಕೇಳಿ ಬೆಳೆದವರಿಗೆ ಕಣ್ಣಿನ ದುಡಿಮೆಗೆ ಬೆಲೆ ಕೇಳಲು ನಾಲಿಗೆ ಏಳುವುದಿಲ್ಲ, ಅಷ್ಟೇ.

ಮೊದಲ ಸಲಹೆ: ಐದು ಪೆಟ್ಟಿಗೆ ಮನೆಯಿಂದ ಹೊರಡುವವರೆಗೆ ಹೊಸದೊಂದು ಒಳಗೆ ಬರಕೂಡದು. ಎರಡನೆಯದು ನನ್ನದಲ್ಲ, ಅವರೇ ಬಾಯಿಬಿಟ್ಟದ್ದು. ಈ ಕಸುಬಿನಲ್ಲಿ ರಾತ್ರಿಯ ಪ್ರದರ್ಶನ ಎಂಬುದೊಂದಿದೆಯಂತೆ. ಕತ್ತಲಾದ ಮೇಲೆ ನಾಲ್ಕಾರು ದೀಪಗಳನ್ನು ನೆಲಕ್ಕೆ ಚುಚ್ಚಿ, ತಾತ್ಕಾಲಿಕವಾಗಿ ಬೆಳಗಿಸಿ, ಮನೆಯವರನ್ನು ಹೊರಗೆ ಕರೆದು ತೋರಿಸುವುದು. ಒರಟು ತೊಗಟೆಯ ಬುಡಕ್ಕೆ ಹತ್ತಿರ ಇಟ್ಟರೆ ಬಿರುಕುಗಳೆಲ್ಲ ಎದ್ದು ಕಾಣುತ್ತವೆ; ಗಿಡದ ಹಿಂದಿನ ಗೋಡೆಗೆ ಬೆಳಕು ಬಿಟ್ಟರೆ ಗಿಡ ನೆರಳಾಗಿ ನಿಲ್ಲುತ್ತದೆ. 2700 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕು ಸಾಕು, ಬೆಳ್ಳಗಿನದು ಹುಳುಗಳನ್ನು ಹೆಚ್ಚು ಸೆಳೆಯುತ್ತದೆ. ಇದೆಲ್ಲ ಗೊತ್ತಿದ್ದೂ ಒಮ್ಮೆಯೂ ಮಾಡಿರಲಿಲ್ಲ. ಆ ಪರಿಚಿತರಲ್ಲೇ ಮಾಡಿ, ಇಡೀ ಕೆಲಸಕ್ಕೆ ಒಂದೇ ಮೊತ್ತ ಹೇಳಿ, ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ ಎಂದೆ. ನನ್ನೆದುರೇ ಆ ಮೊತ್ತವನ್ನು ಏಳೆಂಟು ಸಲ ಹೇಳಿಸಿದೆ. ಮೊದಲ ಮೂರು ಸಲ "ಕಡಿಮೆ ಮಾಡ್ಕೊಡ್ತೀನಿ" ಎಂಬ ಬಾಲ ಸೇರಿಕೊಂಡೇ ಬಂತು.

ನೌಕರಿ ಈಗಲೇ ಬಿಡಬೇಡಿ ಎಂದೂ ಹೇಳಿದೆ. 230 ವೋಲ್ಟ್ ಕಡೆಯ ಕೆಲಸಕ್ಕೆ ಸ್ವಂತ ಹೆಸರಿನಲ್ಲಿ ಪರವಾನಗಿ ಬೇಕೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ತೆರಿಗೆ, ವಿಮೆಯ ಪ್ರಶ್ನೆಗಳು ಬಲ್ಲವರಿಗೆ ಬಿಟ್ಟದ್ದು. ನಿದ್ದೆಗೆ ಮೂರು ವಾರದ ಗಡುವಿಟ್ಟೆ, ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕು.

ಹೆಂಡತಿಯ ವಿಷಯದಲ್ಲಿ ಕೇಳಿದ್ದು ಒಂದೇ: ಇಲ್ಲಿಯವರೆಗೆ ಖರ್ಚಾದ ಪೂರ್ತಿ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ. ಇದಕ್ಕೆ ಅವರು ಬೆಲೆ ಹೇಳುವುದಕ್ಕಿಂತ ಹೆಚ್ಚು ಹೆದರಿದರು.

ನಾಲ್ಕು ವಾರದ ಬಳಿಕ ಮತ್ತೆ ಬಂದರು. ಹಾಳೆ ನೋಡಿ ಹೆಂಡತಿ ಬೈದರಂತೆ, ಚೆನ್ನಾಗಿಯೇ. ಆ ವಾರ ನಿದ್ದೆ ಬಂತಂತೆ. ಪ್ರದರ್ಶನದ ರಾತ್ರಿ ದೀಪ ಹಿಡಿಯಲು ಹೆಂಡತಿಯೂ ಹೋಗಿದ್ದರು. ಮೊತ್ತ ಕೇಳಿದ ಆ ಪರಿಚಿತರು ಹೆಚ್ಚಾಯಿತು ಎಂದಾಗ ಇವರು ಬೆಲೆ ಇಳಿಸಲಿಲ್ಲ, ಒಂದು ದೀಪ ಕಡಿಮೆ ಮಾಡಿದರು. ವರ್ಷಕ್ಕೆರಡು ಸಲ ಬಂದು ಗಾಜಿನ ಮಣ್ಣು ಒರೆಸಿ, ಬೆಳೆದ ಗಿಡಕ್ಕೆ ತಕ್ಕಂತೆ ದೀಪ ಸರಿಸಿಕೊಡುವ ಕರಾರೂ ಆಗಿದೆ. ಕೋಣೆಯಲ್ಲಿನ್ನೂ ಹನ್ನೆರಡು ಪೆಟ್ಟಿಗೆಗಳಿವೆ.