ಚುಕ್ಕಿ ಬೀಳದ ರಿಪೋರ್ಟ್

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಹೋದ ಸಂಚಿಕೆಯ ಬಾಹ್ಯಾಕಾಶ ಲೇಖನದಲ್ಲಿ 'ಒಂದೇ ಹನಿ ರಕ್ತ ಸಾಕು, ಗಗನಯಾತ್ರಿಯ ಆರೋಗ್ಯವೆಲ್ಲ ಗೊತ್ತಾಗುತ್ತದೆ' ಅಂತ ಬರೆದಿದ್ದೀರಿ. ಅಲ್ಲಿಗೆ ಹೋದವರ ವಯಸ್ಸು ಹಿಂದಕ್ಕೆ ಸರಿಯುತ್ತದೆ ಅಂತಲೂ ಇದೆ. ನಾನು ದಾವಣಗೆರೆಯ ಒಂದು ಲ್ಯಾಬ್‌ನಲ್ಲಿ ಹದಿನಾರು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಜಗಳೂರು ಕಡೆಯ ರೈತರೊಬ್ಬರು ವರ್ಷಕ್ಕೊಮ್ಮೆ ಬರುತ್ತಾರೆ. ಅವರ ಹಿಮೋಗ್ಲೋಬಿನ್ ಮೊದಲ ವರ್ಷ 15.6, ಮರುವರ್ಷ 14.4, ಈ ಸಲ 13.2. ಮೂರೂ ನಾರ್ಮಲ್ ಒಳಗೇ ಇವೆ, ಅಂಕಿ ಸರಿಯಿಲ್ಲ ಅಂತ ಮಷೀನು ಚುಕ್ಕಿ ಹಾಕಲಿಲ್ಲ. ಹಳೇ ರಿಜಿಸ್ಟರ್ ತೆಗೆದು ನೋಡಿ ನಾನೇ ಅವರನ್ನು ಡಾಕ್ಟರ ಹತ್ತಿರ ಕಳಿಸಿದೆ. ಒಂದು ಹನಿಯಲ್ಲಿ ಎಲ್ಲ ತಿಳಿಯುವುದಾದರೆ ನನಗೆ ರಿಜಿಸ್ಟರ್ ಯಾಕೆ ಬೇಕಾಯಿತು? ತೂಕವೇ ಇಲ್ಲದ ಕಡೆ ಸೀರಂ ಬೇರೆಯಾಗುವುದು ಹೇಗೆ? ಅಲ್ಲಿಂದ ಇಲ್ಲಿಗೆ ತರುವಷ್ಟರಲ್ಲಿ ಸ್ಯಾಂಪಲ್ ಕೆಡುವುದಿಲ್ಲವೆ?

ಸಂಪಾದಕರ ಉತ್ತರ

ನಿಮ್ಮ ಪತ್ರ ಬಂದ ಮೇಲೆ ಆ ಲೇಖನ ತೆಗೆದು ಮತ್ತೆ ಓದಿದೆ. ನೀವು ಎತ್ತಿ ತೋರಿಸಿದ ಎರಡು ಮಾತೂ ತಪ್ಪು. ಲೇಖಕರು ಎಚ್ಚರದಿಂದ ಬರೆದಿದ್ದನ್ನು ಚುಟುಕು ಮಾಡಲು ಹೋಗಿ ಕೆಡಿಸಿದವನು ನಾನು. ಆದ್ದರಿಂದ ಉತ್ತರವನ್ನೂ ನಾನೇ ಬರೆಯಬೇಕು, ಸ್ವಲ್ಪ ವಿವರವಾಗಿಯೇ ಬರೆಯಬೇಕು.

ಬರೆಯುವ ಮುಂಚೆ ಚಿತ್ರದುರ್ಗದಿಂದ ಬೆಳಗಿನ ಬಸ್ಸು ಹಿಡಿದು ನಿಮ್ಮ ಲ್ಯಾಬ್‌ಗೆ ಬಂದದ್ದು ಒಳ್ಳೆಯದಾಯಿತು. ನೇರಳೆ ಮುಚ್ಚಳದ ಟ್ಯೂಬನ್ನು ನೀವು ಮಗುವನ್ನು ಮಗ್ಗುಲು ಬದಲಿಸಿದ ಹಾಗೆ ನಿಧಾನವಾಗಿ ಎಂಟು ಸಲ ತಿರುವಿ ಹಾಕಿದಿರಿ. ಟ್ಯೂಬುಗಳನ್ನು ಗಿರಗಿರನೆ ತಿರುಗಿಸುವ ಸೆಂಟ್ರಿಫ್ಯೂಜ್ ನಿಂತ ಮೇಲೆ ಹಳದಿ ಮುಚ್ಚಳದ ಟ್ಯೂಬುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಿರಿ. ಕೆಳಗೆ ಕಪ್ಪುಗೆಂಪು ಗರಣೆ, ನಡುವೆ ಜೆಲ್, ಮೇಲೆ ಒಣಹುಲ್ಲಿನ ಬಣ್ಣದ ಸೀರಂ. ಒಂದರಲ್ಲಿ ಮಾತ್ರ ಸೀರಂಗೆ ನಸುಗೆಂಪು ತಿರುಗಿತ್ತು. 'ಕಣ ಒಡೆದಿವೆ ಸಾರ್, ಇದರ ಪೊಟ್ಯಾಸಿಯಂ ನಂಬಬಾರದು' ಅಂತ ಹೇಳಿ, ಹೊರಗೆ ಕೂತಿದ್ದ ಅಮ್ಮನನ್ನು ಮತ್ತೆ ಕರೆದು ರಕ್ತ ತೆಗೆದಿರಿ. ನಿಮ್ಮ ಎರಡನೆಯ, ಮೂರನೆಯ ಪ್ರಶ್ನೆಗಳು ಎಲ್ಲಿಂದ ಬಂದವೆಂದು ಆಗ ಅರ್ಥವಾಯಿತು. ಅವಕ್ಕೇ ಮೊದಲು ಉತ್ತರಿಸುತ್ತೇನೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಇದೇ ಬಗೆಯ ನಿರ್ವಾತ ಟ್ಯೂಬುಗಳು. ಯಾತ್ರಿಗಳು ತಮ್ಮ ರಕ್ತವನ್ನು ತಾವೇ ತೆಗೆದುಕೊಳ್ಳುತ್ತಾರೆ, ಇಲ್ಲವೆ ಒಬ್ಬರಿಗೊಬ್ಬರು ತೆಗೆಯುತ್ತಾರೆ. ಟ್ಯೂಬನ್ನು ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ಇಟ್ಟರೂ ಕಣಗಳು ತಾವಾಗಿ ತಳಕ್ಕೆ ಇಳಿಯವು. ತಳವೆಂಬುದೇ ಅಲ್ಲಿಲ್ಲ. ಕಣಗಳು ಎಷ್ಟು ಕೆಳಗಿಳಿದವೆಂದು ನೀವು ಒಂದು ಗಂಟೆ ನಿಲ್ಲಿಸಿ ಓದುವ ಇಎಸ್‌ಆರ್ ಅಲ್ಲಿ ನಡೆಯುವುದಿಲ್ಲ. ಆದರೆ ಸೆಂಟ್ರಿಫ್ಯೂಜ್ ನಡೆಯುತ್ತದೆ, ಯಾಕೆಂದರೆ ಅದು ತಿರುಗಿ ತಿರುಗಿ ತನ್ನ ತೂಕವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಚಕ್ರ ನಿಂತ ಮೇಲೆ ಪದರಗಳು ಮತ್ತೆ ಬೆರೆಯದಂತೆ ಜೆಲ್ ತಡೆಯುತ್ತದೆ. ಆಮೇಲೆ ಸೀರಂ, ಪ್ಲಾಸ್ಮಾ (ಗರಣೆಗಟ್ಟದ ರಕ್ತದ ದ್ರವ ಭಾಗ) ಎಲ್ಲವೂ ಮೈನಸ್ 80 ಡಿಗ್ರಿಯ ಫ್ರೀಜರ್ ಸೇರಿ, ಭೂಮಿಗೆ ಮರಳುವ ನೌಕೆಗಾಗಿ ತಿಂಗಳುಗಟ್ಟಲೆ ಕಾಯುತ್ತವೆ.

ಜೀವಂತ ಕೋಶಗಳೇ ಬೇಕಾದ ಪರೀಕ್ಷೆಗಳಿಗೆ ಫ್ರೀಜರ್ ಒಗ್ಗುವುದಿಲ್ಲ. ಸ್ಕಾಟ್ ಕೆಲ್ಲಿ 2015ರಿಂದ 2016ರವರೆಗೆ ಸುಮಾರು 340 ದಿನ ನಿಲ್ದಾಣದಲ್ಲಿದ್ದರು. ಅವರ ಅವಳಿ ಸಹೋದರ ಮಾರ್ಕ್ ಕೆಲ್ಲಿ, ಅವರೂ ಗಗನಯಾತ್ರಿಯಾಗಿದ್ದವರೇ, ಆ ವರ್ಷವೆಲ್ಲ ನೆಲದ ಮೇಲಿದ್ದು ಹೋಲಿಕೆಗೆಂದು ರಕ್ತ ಕೊಟ್ಟರು. ಸ್ಕಾಟ್ ಅವರ ಕೆಲವು ಸ್ಯಾಂಪಲ್‌ಗಳನ್ನು ರಷ್ಯಾದ ಸೋಯುಜ್ ನೌಕೆ ಹೊರಡುವ ಸಮಯ ನೋಡಿಕೊಂಡೇ ತೆಗೆದು, ಫ್ರೀಜ್ ಮಾಡದೆ, ಅದರಲ್ಲೇ ಕೆಳಕ್ಕೆ ಕಳಿಸಿದರು. ದಾರಿಯಲ್ಲಿ ಕೆಡುವುದಿಲ್ಲವೆ ಎಂದು ಕೇಳಿದ್ದೀರಿ. ಕೆಡುತ್ತದೆ. ಪ್ರಯಾಣದ ಹೊತ್ತಿನಲ್ಲೇ ಕೋಶಗಳ ಜೀನ್ ಚಟುವಟಿಕೆ ಬದಲಾಗುತ್ತದೆ. ಹಾಗಾಗಿ ಸಂಶೋಧಕರು ನೆಲದ ಮೇಲಿನ ಸ್ಯಾಂಪಲ್‌ಗಳನ್ನೂ ಅಷ್ಟೇ ಹೊತ್ತು ಕಾಯಿಸಿ, ದಾರಿಯಿಂದ ಆದ ವ್ಯತ್ಯಾಸ ಎಷ್ಟೆಂದು ಅಳೆದು, ಲೆಕ್ಕದಿಂದ ಕಳೆಯಬೇಕಾಯಿತು. ನಸುಗೆಂಪು ತಿರುಗಿದ ಟ್ಯೂಬನ್ನು ಬದಿಗಿಟ್ಟ ನಿಮಗೆ ಈ ಎಚ್ಚರದ ಬೆಲೆ ನಾನು ಹೇಳಬೇಕಾಗಿಲ್ಲ.

ಇನ್ನು ಹಿಮೋಗ್ಲೋಬಿನ್. ನಿಮ್ಮ ಪತ್ರದ ಆ ಮೂರು ಅಂಕಿಗಳು ನನ್ನನ್ನು ಬಿಟ್ಟಿಲ್ಲ.

ತೂಕವಿಲ್ಲದ ಸ್ಥಿತಿಗೆ ಹೋದ ಕೂಡಲೇ ಕಾಲಿನ ಕಡೆಯ ದ್ರವ ತಲೆಯ ಕಡೆ ಸರಿಯುತ್ತದೆ. ಮುಖ ಊದುತ್ತದೆ, ಕಾಲು ಸಣ್ಣಗಾಗುತ್ತವೆ. ರಕ್ತ ಹೆಚ್ಚಾಯಿತೆಂದು ಬಗೆದ ದೇಹ ಪ್ಲಾಸ್ಮಾವನ್ನು ಇಳಿಸುತ್ತದೆ. ಇತ್ತ ಕೆಂಪುಕಣಗಳೂ ಕಡಿಮೆಯಾಗುತ್ತವೆ. ಎರಡೂ ಒಟ್ಟಿಗೆ ಇಳಿದರೆ ಹಿಮೋಗ್ಲೋಬಿನ್ ಅಂಕಿ ಏನಾಗುತ್ತದೆ? ಒಂದು ಚೆಂಬು ಮಜ್ಜಿಗೆಯಲ್ಲಿ ಅರ್ಧ ಚೆಲ್ಲಿದರೂ ಉಳಿದ ಮಜ್ಜಿಗೆ ಅಷ್ಟೇ ಗಟ್ಟಿ ಇರುತ್ತದಲ್ಲ, ಹಾಗೆ. ಅಂಕಿ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ, ಮಷೀನು ಚುಕ್ಕಿ ಹಾಕುವುದಿಲ್ಲ.

ಕೆನಡಾದ ಒಟ್ಟಾವಾದ ಗೈ ಟ್ರುಡೆಲ್ ಮತ್ತು ಸಂಗಡಿಗರು ಇದನ್ನು ಬೇರೆ ದಾರಿಯಿಂದ ಹಿಡಿದರು. ಕೆಂಪುಕಣ ಒಡೆದು ಅದರ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣದ ಭಾಗ, ಹೀಮ್, ಕರಗುವಾಗ ಪ್ರತಿಯೊಂದು ಹೀಮ್‌ಗೂ ಒಂದು ಕಾರ್ಬನ್ ಮೊನಾಕ್ಸೈಡ್ ಅಣು ಹುಟ್ಟುತ್ತದೆ, ಅದು ಉಸಿರಿನಲ್ಲಿ ಹೊರಬರುತ್ತದೆ. ಆರು ತಿಂಗಳ ಯಾತ್ರೆಗೆ ಹೋದ 14 ಮಂದಿಯ ಉಸಿರನ್ನು ಡಬ್ಬಿಗಳಲ್ಲಿ ಹಿಡಿದು ಆ ಅನಿಲವನ್ನು ಅಳೆದರು, ರಕ್ತದಲ್ಲಿನ ಕಬ್ಬಿಣಾಂಶವನ್ನೂ ನೋಡಿದರು. ನೆಲದ ಮೇಲೆ ನಮ್ಮ ದೇಹ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣಗಳನ್ನು ಒಡೆದು ಅಷ್ಟನ್ನೇ ಹೊಸದಾಗಿ ಮಾಡಿಕೊಳ್ಳುತ್ತದೆ. ಅಲ್ಲಿ ಒಡೆಯುತ್ತಿದ್ದದ್ದು ಸೆಕೆಂಡಿಗೆ 30 ಲಕ್ಷ. ಮುಂಚಿಗಿಂತ 54% ಹೆಚ್ಚು, ಅದೂ ಮೊದಲ ವಾರದಲ್ಲಿ ಮಾತ್ರವಲ್ಲ, ಯಾತ್ರೆಯ ಉದ್ದಕ್ಕೂ. 2022ರಲ್ಲಿ ಇದು ಪ್ರಕಟವಾಯಿತು. ನೆಲಕ್ಕಿಳಿದು ದ್ರವ ಮತ್ತೆ ತುಂಬಿಕೊಂಡಾಗ ಮಜ್ಜಿಗೆ ತೆಳ್ಳಗಿರುವುದು ಬಯಲಾಯಿತು: ಇಳಿದ ಕೂಡಲೇ ರಕ್ತ ಕೊಟ್ಟ 13 ಮಂದಿಯಲ್ಲಿ ಐವರಿಗೆ ರಕ್ತಹೀನತೆ ಇತ್ತು.

ನೀವು ದಿನವೂ ಮಾಡುವ 'ಮೂರು ತಿಂಗಳ ಸಕ್ಕರೆ' ಪರೀಕ್ಷೆಯನ್ನು ಇದರ ಪಕ್ಕ ಇಟ್ಟು ನೋಡಿ. ಕೆಂಪುಕಣ ಸುಮಾರು 120 ದಿನ ಬದುಕುತ್ತದೆ ಎಂಬ ನಂಬಿಕೆಯ ಮೇಲೆ ಎಚ್‌ಬಿಎ1ಸಿ ಎಂಬ ಆ ಪರೀಕ್ಷೆ ನಿಂತಿದೆ. ಕಣಗಳು ಬೇಗ ಒಡೆಯುವ ರೋಗಿಯಲ್ಲಿ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಿದ್ದರೆ ತಿಂಗಳುಗಟ್ಟಲೆ ಮೇಲಿದ್ದವರ ಸಕ್ಕರೆಯನ್ನು ಆ ಒಂದೇ ಅಂಕಿಯಿಂದ ಓದಬಾರದು ಎಂಬುದು ನನ್ನ ತರ್ಕ. ಒಂದು ಸೂಚಕದ ಮಾತು ನಂಬುವ ಮುಂಚೆ ಪಕ್ಕದ ಇನ್ನೊಂದನ್ನು ಕೇಳಬೇಕು.

ಮೂಳೆಯದೂ ಇದೇ ಕತೆ. ವ್ಯಾಯಾಮ ಮಾಡಿ ತಡೆಯದಿದ್ದರೆ ಭಾರ ಹೊರುವ ಮೂಳೆಗಳು ಅಲ್ಲಿ ತಿಂಗಳಿಗೆ 1ರಿಂದ 1.5% ಸವೆಯುತ್ತವೆ. ಸ್ಕ್ಯಾನ್ ತೋರಿಸುವುದು ಗೋದಾಮಿನಲ್ಲಿ ಉಳಿದ ದಾಸ್ತಾನು ಮಾತ್ರ. ರಕ್ತದ ಸೂಚಕಗಳು ದಾವಣಗೆರೆ ಎಪಿಎಂಸಿ ಗೇಟಿನ ತೂಕದ ಸೇತುವೆ ಇದ್ದಂತೆ: ಮೂಳೆ ಸವೆದಾಗ ಬರುವ ಸಿಟಿಎಕ್ಸ್ ಎಂಬ ಚೂರು ಎಷ್ಟು ಲಾರಿ ಮೆಕ್ಕೆಜೋಳ ಹೊರಗೆ ಹೋಯಿತು ಎನ್ನುತ್ತದೆ, ಹೊಸ ಮೂಳೆ ಕಟ್ಟುವಾಗ ಬರುವ ಪಿ1ಎನ್‌ಪಿ, ಆಸ್ಟಿಯೊಕ್ಯಾಲ್ಸಿನ್ ಎಂಬವು ಎಷ್ಟು ಒಳಗೆ ಬಂತು ಎನ್ನುತ್ತವೆ. ಗೋದಾಮು ಖಾಲಿಯಾಗುವ ಮುಂಚೆಯೇ ಗೇಟಿನ ಲೆಕ್ಕದಲ್ಲಿ ಅಪಾಯ ಕಾಣುತ್ತದೆ. ಸಿಟಿಎಕ್ಸ್‌ಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ರಕ್ತ ಕೊಡಬೇಕೆಂದು ನೀವು ರೋಗಿಗಳಿಗೆ ಹೇಳುತ್ತೀರಲ್ಲ, ದಿನಕ್ಕೆ ಹದಿನಾರು ಸಲ ಸೂರ್ಯೋದಯ ಕಾಣುವವರು ಆ ಬೆಳಿಗ್ಗೆಯನ್ನು ಗಡಿಯಾರ ನೋಡಿಯೇ ಪಾಲಿಸಬೇಕು.

ಬಾಹ್ಯಾಕಾಶದಲ್ಲಿ ತಾಗುವ ವಿಕಿರಣದ ಲೆಕ್ಕವಂತೂ ಆಯಾ ವ್ಯಕ್ತಿಯ ರಕ್ತದಲ್ಲೇ ನಡೆಯುತ್ತದೆ. ಬಿಳಿರಕ್ತಕಣಗಳೊಳಗೆ ಜೀನ್‌ಗಳನ್ನು ಹೊತ್ತ ಎಳೆಗಳಾದ ಕ್ರೋಮೊಸೋಮ್‌ಗಳಲ್ಲಿ ಎಷ್ಟು ತುಂಡಾಗಿ ಅದಲುಬದಲಾಗಿ ಅಂಟಿಕೊಂಡಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಅದಕ್ಕೂ ಮುನ್ನ, ಯಾತ್ರೆಗೆ ಹೋಗುವವರ ರಕ್ತ ತೆಗೆದು, ಲ್ಯಾಬಿನಲ್ಲಿ ಅದಕ್ಕೆ ಗೊತ್ತಾದ ಪ್ರಮಾಣದ ವಿಕಿರಣ ಹಾಯಿಸಿ, ಎಷ್ಟಕ್ಕೆ ಎಷ್ಟು ತುಂಡಾಗುತ್ತದೆ ಎಂಬ ಅಳತೆಗೋಲನ್ನು ಆ ಒಬ್ಬರಿಗಾಗಿಯೇ ಮಾಡಿಟ್ಟುಕೊಳ್ಳುತ್ತಾರೆ. ನಿಮ್ಮ ರಿಜಿಸ್ಟರಿನ ಆ ಹಳೆಯ ಸಾಲು ಮಾಡಿದ್ದು ಇದೇ ಕೆಲಸವನ್ನು.

ವಯಸ್ಸು ಹಿಂದೆ ಸರಿಯುವ ಮಾತಿಗೆ ಬರುತ್ತೇನೆ. ಕ್ರೋಮೊಸೋಮ್‌ನ ತುದಿಯ ಟೆಲೊಮಿಯರ್ ವಯಸ್ಸಾದಂತೆ ಗಿಡ್ಡವಾಗುತ್ತದೆ. ಸ್ಕಾಟ್ ಕೆಲ್ಲಿಯವರಲ್ಲಿ ಅದು ಯಾತ್ರೆಯ ಹೊತ್ತಿಗೆ ಉದ್ದವಾಗಿ ಎಲ್ಲರನ್ನೂ ಬೆರಗಾಗಿಸಿತು. ಮರಳಿದ ಎರಡು ದಿನದೊಳಗೆ ಮತ್ತೆ ಗಿಡ್ಡವಾಯಿತು, ತೀರಾ ಗಿಡ್ಡ ಟೆಲೊಮಿಯರ್‌ಗಳ ಸಂಖ್ಯೆ ಮುಂಚಿಗಿಂತ ಹೆಚ್ಚೇ ಉಳಿಯಿತು. ಬದಲಾದ ಜೀನ್ ಚಟುವಟಿಕೆಯಲ್ಲಿ 90%ಗಿಂತ ಹೆಚ್ಚು ಆರು ತಿಂಗಳಲ್ಲಿ ಮೊದಲಿನ ಹದಕ್ಕೆ ಬಂತು. ಇದನ್ನು ಯೌವನ ಎಂದು ಬರೆದದ್ದು ಅನ್ಯಾಯ.

'ಒಂದು ಹನಿ' ಪೂರ್ತಿ ಸುಳ್ಳೂ ಅಲ್ಲ. 2021ರ ಸೆಪ್ಟೆಂಬರಿನಲ್ಲಿ ಮೂರು ದಿನದ ಇನ್ಸ್ಪಿರೇಶನ್4 ಯಾತ್ರೆಗೆ ಹೋದ ನಾಲ್ವರು ಬೆರಳ ತುದಿ ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ಒಣಗಿಸಿ ತಂದರು. ಎಳೆಗೂಸಿನ ಹಿಮ್ಮಡಿಯಿಂದ ತೆಗೆಯುವ ಹನಿಯ ಹಾಗೆ. ಆದರೆ ಹೋಗುವ ಮುಂಚೆ, ಬಂದ ಮೇಲೆ ಅವರ ತೋಳಿನಿಂದ ಟ್ಯೂಬುಗಟ್ಟಲೆ ರಕ್ತ ತೆಗೆದಿದ್ದರು. ಕೋಶದಿಂದ ಹೊರಬಿದ್ದ ಡಿಎನ್‌ಎ ಚೂರುಗಳನ್ನು ರಕ್ತದಲ್ಲಿ ಹುಡುಕಿ, ಯಾವ ಅಂಗಕ್ಕೆ ಪೆಟ್ಟಾಗಿದೆ ಎಂದು ತಿಳಿಯುವ ಕೆಲಸವೂ ನಡೆದಿದೆ. ಅದರ ಮೇಲೆ ನನಗೆ ಬಹಳ ಆಸೆಯಿದೆ. ಹಾಗಂತ ಎಲ್ಲವನ್ನೂ ರಕ್ತವೇ ಹೇಳುವುದಿಲ್ಲ. ನಿಲ್ದಾಣದಲ್ಲಿ ಎರಡು ತಿಂಗಳು ಕಳೆದಿದ್ದ ಒಬ್ಬ ಯಾತ್ರಿಯ ಕತ್ತಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಸಿಕ್ಕದ್ದು ಅಲ್ಟ್ರಾಸೌಂಡ್‌ನಲ್ಲಿ, ಅದೂ ಸಂಶೋಧನೆಗೆಂದು ನೋಡುತ್ತಿದ್ದಾಗ.

ನಮ್ಮ ದೇಶದ ನಾಲ್ವರು ಯಾತ್ರಿಗಳ ಹೆಸರು ಗಗನಯಾನಕ್ಕೆಂದು 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅವರಲ್ಲಿ ಶುಭಾಂಶು ಶುಕ್ಲಾ 2025ರ ಜೂನ್-ಜುಲೈನಲ್ಲಿ 18 ದಿನ ನಿಲ್ದಾಣದಲ್ಲಿದ್ದು ಬಂದರು. 1984ರಲ್ಲಿ ರಾಕೇಶ್ ಶರ್ಮಾ ಹೋಗಿಬಂದ ಮೇಲೆ ನಾಲ್ಕು ದಶಕ ಕಳೆದಿತ್ತು. ಈವರೆಗೆ ಹೋದವರಲ್ಲಿ ಬಹುಪಾಲು ಅಮೆರಿಕ, ರಷ್ಯಾದ ಗಂಡಸರು, ಹಾಗಾಗಿ ಬಾಹ್ಯಾಕಾಶದಲ್ಲಿ 'ನಾರ್ಮಲ್' ಎಂಬ ಗೆರೆಯೂ ಹೆಚ್ಚಾಗಿ ಅವರ ರಕ್ತದಿಂದಲೇ ಎಳೆದದ್ದು. ಚಳ್ಳಕೆರೆಯ ರನ್‌ವೇಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನ ತಾನಾಗಿ ಬಂದಿಳಿದಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಅಷ್ಟೇ ಹೆಮ್ಮೆ ನಮ್ಮ ಯಾತ್ರಿಗಳ ರಕ್ತದ ರಿಜಿಸ್ಟರ್ ಬಗ್ಗೆಯೂ ನನಗೆ ಬೇಕು: ಹೋಗುವುದಕ್ಕೆ ವರ್ಷಗಳ ಮುಂಚಿನ ಸಾಲು, ಹೋದಾಗಿನ ಸಾಲು, ಬಂದು ವರ್ಷಗಳಾದ ಮೇಲಿನ ಸಾಲು, ಎಲ್ಲವೂ ಒಂದೇ ಪುಟದಲ್ಲಿ.

ತಿದ್ದುಪಡಿಯನ್ನು ಈ ಸಂಚಿಕೆಯ ಮೊದಲ ಪುಟದಲ್ಲೇ ಹಾಕಿದ್ದೇನೆ. ಜಗಳೂರಿನ ಆ ರೈತರಿಗೆ ಡಾಕ್ಟರು ಏನು ಹೇಳಿದರು? ಮುಂದಿನ ಸಲ ಅವರು ಬಂದಾಗ ಅಂಕಿ ಎಷ್ಟಿತ್ತೆಂದು ಒಂದು ಸಾಲು ಬರೆದು ತಿಳಿಸಿ.