ಕಣ್ಣಿಗೆ ಬೀಳದ ಹುಲಿಯ ಲೆಕ್ಕ

ಪ್ರಶ್ನೆ: ಹುಲಿಗಣತಿಗೆ ಕ್ಯಾಮೆರಾ ಕಟ್ಟುತ್ತಾರೆ, ಸರಿ. ಫೋಟೊಗೆ ಸಿಕ್ಕ ಹುಲಿಗಳನ್ನು ಎಣಿಸಿದರೆ ಮುಗಿಯಿತಲ್ಲ? ಆಮೇಲೂ ‘ಅಂದಾಜು’ ಅನ್ನುವುದೇಕೆ?

ಉತ್ತರ: ಫೋಟೊಗೆ ಸಿಗದ ಹುಲಿಗಳೂ ಕಾಡಿನಲ್ಲಿ ಇರುತ್ತವಲ್ಲ, ಅದಕ್ಕೆ. ಅವು ಎಷ್ಟೆಂಬುದನ್ನು ಸಿಕ್ಕ ಹುಲಿಗಳಿಂದಲೇ ಲೆಕ್ಕ ಹಾಕಬೇಕು. ಮೊದಲ ಸುತ್ತಿನಲ್ಲಿ 20 ಹುಲಿ ಸಿಕ್ಕವು ಅಂದುಕೊಳ್ಳಿ. ಎರಡನೇ ಸುತ್ತಿನಲ್ಲಿ 25. ಮೈಯ ಪಟ್ಟೆ ಹೋಲಿಸಿ ನೋಡಿದರೆ ಅದರಲ್ಲಿ 10 ಹಳೆಯವೇ. ಗುರುತು ಗೊತ್ತಿದ್ದ 20ರಲ್ಲಿ ಮತ್ತೆ ಸಿಕ್ಕದ್ದು ಅರ್ಧ. ಹಾಗಾದರೆ ಎರಡನೇ ಸುತ್ತಿಗೆ ಸಿಕ್ಕಿದ್ದೂ ಕಾಡಿನ ಅರ್ಧ ಹುಲಿಗಳೇ; 25 ಅರ್ಧವಾದರೆ ಒಟ್ಟು 50. ಫೋಟೊದಲ್ಲಿರುವುದು 35 ಮಾತ್ರ, ಉಳಿದ 15 ತಪ್ಪಿಸಿಕೊಂಡಿವೆ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ಹುಲಿಗೆ ಅನ್ವಯಿಸಿದ್ದು ಈ ತರ್ಕವನ್ನೇ. ಈಗ ಸುತ್ತುಗಳು ಹೆಚ್ಚು, ಯಾವ ಹುಲಿ ಯಾವ ಜಾಗದಲ್ಲಿ ಸಿಕ್ಕಿತೆಂಬುದೂ ಲೆಕ್ಕಕ್ಕೆ ಸೇರುತ್ತದೆ.

ನಡುವೆ ಹುಲಿ ಸತ್ತರೆ, ಹೊಸದು ಬಂದು ಸೇರಿದರೆ ಈ ಗಣಿತ ಕೆಡುತ್ತದೆ. ಆದ್ದರಿಂದ ಒಂದೊಂದು ಪ್ರದೇಶದ ಕೆಲಸವನ್ನು 30–45 ದಿನದಲ್ಲಿ ಮುಗಿಸುವುದು ಒಳ್ಳೆಯದು. 2022ರ ರಾಷ್ಟ್ರೀಯ ಗಣತಿಯಲ್ಲಿ ಫೋಟೊಗೆ ಸಿಕ್ಕ ಹುಲಿಗಳು 3,080. ಅಂದಾಜು ಸರಾಸರಿ 3,682; ನಿಜ ಸಂಖ್ಯೆ ಇರಬಹುದಾದ ಮೇಲಿನ ಮಿತಿ 3,925. ಪತ್ರಿಕೆಗಳು ಒಂದೇ ಸಂಖ್ಯೆ ಹಾಕಿ ಮಿತಿಗಳನ್ನು ಬಿಟ್ಟುಬಿಡುತ್ತವೆ. ಹಾಗೆ ಓದಿದರೆ ಗಣತಿಯ ಅರ್ಧ ಮಾಹಿತಿ ಕೈತಪ್ಪಿದಂತೆ.

ಪ್ರಶ್ನೆ: ಕ್ಯಾಮೆರಾ ಕಟ್ಟುವಾಗ ಎಲ್ಲಿ ಎಡವಟ್ಟಾಗುತ್ತದೆ?

ಉತ್ತರ: ಹುಲಿಯ ಎಡ ಮೈಯ ಪಟ್ಟೆಗೂ ಬಲ ಮೈಯ ಪಟ್ಟೆಗೂ ಹೋಲಿಕೆ ಇರುವುದಿಲ್ಲ. ಹಾಗಾಗಿ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕೇ ಬೇಕು. ಒಂದು ಕೆಟ್ಟು, ಒಂದು ಕಡೆ ಬರೀ ಎಡ ಮೈ, ಇನ್ನೊಂದು ಕಡೆ ಬರೀ ಬಲ ಮೈ ಸಿಕ್ಕಿತೆನ್ನಿ; ಒಂದೇ ಹುಲಿ ಎರಡಾಗಿ ಎಣಿಕೆಗೆ ಬರಬಹುದು. ಎರಡನ್ನೂ ನೇರ ಎದುರುಬದುರು ಇಡದೆ ತುಸು ಓರೆಯಾಗಿ ಕಟ್ಟಿ, ಇಲ್ಲವಾದರೆ ಒಂದರ ಫ್ಲ್ಯಾಶ್ ಇನ್ನೊಂದರ ಫೋಟೊ ಕೆಡಿಸುತ್ತದೆ. ಎತ್ತರ ಮೊಣಕಾಲಿನಷ್ಟು, ಸುಮಾರು 45 ಸೆಂ.ಮೀ.; ದಾರಿಯ ನಡುವಿನಿಂದ 3–4 ಮೀಟರ್ ದೂರ. ಎರಡರ ಗಡಿಯಾರವೂ ಹೊಂದಿಕೆಯಾಗಿರಲಿ, ಇಲ್ಲದಿದ್ದರೆ ಎಡ-ಬಲ ಫೋಟೊಗಳನ್ನು ಜೋಡಿಸುವುದೇ ದೊಡ್ಡ ಕೆಲಸವಾಗುತ್ತದೆ.

ಮುಂದಿನ ಹುಲ್ಲು ಸವರದೆ ಬಂದರೆ ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದಾಗಲೆಲ್ಲ ಸೆನ್ಸರ್ ಕ್ಲಿಕ್ಕಿಸುತ್ತದೆ. ಕಾರ್ಡ್ ತುಂಬ ಹುಲ್ಲೇ! ಆನೆಗಳು ಕಿತ್ತೆಸೆಯುವ ಕಡೆ ಕಬ್ಬಿಣದ ಪೆಟ್ಟಿಗೆ ಬೇಕು. ಜಾಗ ಆರಿಸುವಾಗ ಜೀಪ್ ದಾರಿ, ಒಣ ಹಳ್ಳ, ಹಿಕ್ಕೆ ಮತ್ತು ಕೆರೆದ ಗುರುತು ಕಂಡ ತಿರುವು ನೋಡಿ. 2 ಚದರ ಕಿ.ಮೀ.ಗೆ ಒಂದು ಜೋಡಿ ಇದ್ದರೆ ಹೆಣ್ಣುಹುಲಿಯೊಂದರ ಇಡೀ ಸರಹದ್ದು ಲೆಕ್ಕದ ಹೊರಗೆ ಉಳಿಯುವುದಿಲ್ಲ.

ಪ್ರಶ್ನೆ: ಜಿಂಕೆ, ಕಾಟಿಗಳಿಗೆ ಹೀಗೆ ಗುರುತು ಹಿಡಿಯುವುದಕ್ಕೆ ಆಗುವುದಿಲ್ಲವಲ್ಲ?

ಉತ್ತರ: ಅದಕ್ಕೆ ಟ್ರಾನ್ಸೆಕ್ಟ್ ನಡಿಗೆ ಇದೆ. ಮೊದಲೇ ಗುರುತಿಸಿದ ನೇರ ಗೆರೆಯ ಮೇಲೆ ಬೆಳಗಿನ ಹೊತ್ತು ಸದ್ದಿಲ್ಲದೆ ನಡೆಯಬೇಕು. ಹಿಂಡು ಕಂಡಾಗ ರೇಂಜ್‌ಫೈಂಡರ್‌ನಿಂದ ಅದರ ನಡುಭಾಗಕ್ಕೆ ದೂರ, ದಿಕ್ಸೂಚಿಯಿಂದ ಕೋನ. 60 ಮೀಟರ್ ದೂರದಲ್ಲಿ, ಗೆರೆಯಿಂದ 30 ಡಿಗ್ರಿಗೆ ಕಂಡರೆ ಗೆರೆಯಿಂದ ಅದರ ಲಂಬದೂರ 30 ಮೀಟರ್. ದೂರ ಹೆಚ್ಚಿದಂತೆ ಎಷ್ಟು ಕಡಿಮೆ ಕಾಣುತ್ತವೆ ಎಂಬುದರಿಂದ, ನಾವು ನಿಜಕ್ಕೂ ನೋಡಿದ ಕಾಡಿನ ಪಟ್ಟಿಯ ಅಗಲ ಸಿಗುತ್ತದೆ. ಅದು ಎರಡೂ ಬದಿಗೆ 40 ಮೀಟರ್, ಒಟ್ಟು ನಡಿಗೆ 100 ಕಿ.ಮೀ. ಎಂದಾದರೆ ನೋಡಿದ ಕಾಡು 8 ಚದರ ಕಿ.ಮೀ. ಅಲ್ಲಿ 80 ಹಿಂಡು ಕಂಡಿದ್ದರೆ ಚದರ ಕಿ.ಮೀ.ಗೆ 10. ಅದನ್ನು ಹಿಂಡಿನ ಸರಾಸರಿ ಗಾತ್ರದಿಂದ ಗುಣಿಸಿ. ಕಂಡ ಹಿಂಡುಗಳು 60ಕ್ಕಿಂತ ಕಡಿಮೆಯಿದ್ದರೆ ಆ ಅಗಲವನ್ನು ನಂಬುವುದು ಕಷ್ಟ.

ಹೆಚ್ಚಿನ ತಪ್ಪು ಕೋನದಲ್ಲೇ. ಮುಂದೆ ಕಂಡದ್ದಕ್ಕೆಲ್ಲ ‘ಸೊನ್ನೆ ಡಿಗ್ರಿ’ ಎಂದು ಬರೆದರೆ ಪ್ರಾಣಿಗಳೆಲ್ಲ ಗೆರೆಯ ಮೇಲೇ ನಿಂತಂತಾಗಿ, ಇರುವುದಕ್ಕಿಂತ ಹೆಚ್ಚು ಲೆಕ್ಕ ಬರುತ್ತದೆ. ಹಿಂಡು ಓಡಿದ ಮೇಲೆ ಅಳೆದರೂ ತಪ್ಪೇ. ಮೊದಲು ಕಂಡಾಗ ಅದು ನಿಂತಿದ್ದ ಜಾಗಕ್ಕೆ ಅಳೆಯಬೇಕು.

ಪ್ರಶ್ನೆ: ಹೆಜ್ಜೆಗುರುತಿನ ಗಣತಿ ಏಕೆ ನಿಂತಿತು?

ಉತ್ತರ: ಒಂದೇ ಪಂಜ ಒದ್ದೆ ಮಣ್ಣಿನಲ್ಲಿ ಒಂದು ಆಕಾರ, ಧೂಳಿನಲ್ಲಿ ಇನ್ನೊಂದು. ಅದಕ್ಕಿಂತ ಮುಖ್ಯವಾಗಿ, ಎಲ್ಲ ಹುಲಿಗಳ ಗುರುತೂ ಸಿಕ್ಕೇ ಸಿಗುತ್ತದೆ ಎಂದು ಆ ಪದ್ಧತಿ ನಂಬಿತ್ತು. ಆ ಗಣತಿ ಹುಲಿಗಳಿವೆ ಎನ್ನುತ್ತಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲವೆಂದು 2005ರ ಹೊತ್ತಿಗೆ ಬಯಲಾಯಿತು. 2006ರಿಂದ ಕ್ಯಾಮೆರಾ ಬಳಸುವ ಹೊಸ ಪದ್ಧತಿ ಬಂತು.

ಪ್ರಶ್ನೆ: ಲದ್ದಿ ನೋಡಿ ಆನೆ ಎಣಿಸುತ್ತಾರಂತೆ, ನಿಜವೇ?

ಉತ್ತರ: ನಿಜ. ಚದರ ಕಿ.ಮೀ.ಗೆ 1,600 ಲದ್ದಿ ರಾಶಿ, ಒಂದು ರಾಶಿ ಕರಗಲು ಸರಾಸರಿ 100 ದಿನ ಎನ್ನೋಣ. ಆಗ ದಿನಕ್ಕೆ ಸೇರುವ ಹೊಸ ರಾಶಿ 16. ಒಂದು ಆನೆ ದಿನಕ್ಕೆ 16 ಸಲ ಲದ್ದಿ ಹಾಕಿದರೆ, ಚದರ ಕಿ.ಮೀ.ಗೆ ಒಂದು ಆನೆ. ಕರಗುವ ದಿನಗಳ ಲೆಕ್ಕವೇ ಇಲ್ಲಿ ಸೂಕ್ಷ್ಮ. ಮಳೆ, ಸಗಣಿಹುಳು, ಗೆದ್ದಲು ಸೇರಿ 50 ದಿನದಲ್ಲೇ ಮುಗಿಸುವ ಕಾಡಿಗೆ 100ನ್ನು ಬಳಸಿದರೆ ಆನೆಗಳು ಅರ್ಧಕ್ಕೆ ಇಳಿಯುತ್ತವೆ. ಆದ್ದರಿಂದ ಬೇರೆ ಕಾಡಿನ ಅಂಕಿ ಎರವಲು ತರದೆ, ಗಣತಿಗೆ ಮೊದಲೇ ಅದೇ ಕಾಡಿನಲ್ಲಿ ಹೊಸ ರಾಶಿಗಳಿಗೆ ಗೂಟ ಹೊಡೆದು, ಮತ್ತೆ ಹೋಗಿ ನೋಡಿ ಬರಬೇಕು.