ಸಂಪಾದಕರ ಉತ್ತರ: ಮಂಗಳವಾರದ ಮಾತ್ರೆ

ಸಿರುಗುಪ್ಪ ತಾಲ್ಲೂಕಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದಿದ್ದಾರೆ. ಅವರ ಊರಿನ ಗ್ರಾಮ ಪಂಚಾಯಿತಿಗೆ, ಆಶಾ ಕೆಲಸ ಬಿಟ್ಟು ಬಂದ ಹೆಣ್ಣುಮಗಳೊಬ್ಬರು ಹೊಲಿಗೆ ಯಂತ್ರದ ಗುರುತಿನಲ್ಲಿ ನಿಂತಿದ್ದಾರಂತೆ. 'ರಸ್ತೆ, ಚರಂಡಿ, ನೀರು ಎಲ್ಲ ಬಿಟ್ಟು ಈಕೆ ಮನೆಮನೆಗೆ ಹೋಗಿ ಮನಸ್ಸಿನ ಕಾಯಿಲೆಯ ಮಾತಾಡುತ್ತಾಳೆ. ವಾರಕ್ಕೊಮ್ಮೆ ಮನೋವೈದ್ಯರನ್ನು ಊರಿಗೇ ಕರೆಸುತ್ತಾಳಂತೆ. ಹುಚ್ಚರಿಗೆ ಮತವೇ ಇಲ್ಲ, ಮತ್ತೆ ಇದು ಯಾರ ಮತಕ್ಕಾಗಿ? ಪಂಚಾಯಿತಿಗೂ ಇದಕ್ಕೂ ಏನು ಸಂಬಂಧ? ನಮ್ಮ ಕಡೆ ಇಂಥದ್ದನ್ನು ಕಂಡು ಕೇಳಿ ಗೊತ್ತಿಲ್ಲ' ಎಂಬುದು ಪತ್ರದ ಸಾರ. ನಡುವೆ ಎಲ್ಲೋ ಒಂದು ಸಾಲು: 'ನಮ್ಮ ಓಣಿಯಲ್ಲಿ ಒಬ್ಬ ಹುಡುಗನನ್ನು ದನದ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದಾರೆ, ಈಕೆಯ ಪ್ರಚಾರ ಶುರುವಾದದ್ದೇ ಅಲ್ಲಿಂದ.'

ಮೇಷ್ಟ್ರೇ,

'ಕಂಡು ಕೇಳಿ ಗೊತ್ತಿಲ್ಲ' ಎಂಬ ಮಾತನ್ನು ಬೇರೆ ಜಿಲ್ಲೆಯವರು ಬರೆದಿದ್ದರೆ ನಾನು ಸುಮ್ಮನಿರುತ್ತಿದ್ದೆ. ನೀವು ಬಳ್ಳಾರಿಯವರು. ಮನೋರೋಗದ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯ ಕಾಂಪೌಂಡಿನಿಂದ ಹೊರಗೆ ತಂದು ಇಡೀ ಜಿಲ್ಲೆಗೆ ಹಂಚಬಹುದೇ ಎಂದು ಈ ದೇಶ ಪರೀಕ್ಷೆ ಮಾಡಿ ನೋಡಿದ್ದು ನಿಮ್ಮ ಜಿಲ್ಲೆಯಲ್ಲೇ. ಅದಕ್ಕೆ ಮೊದಲು ಬೆಂಗಳೂರು ಹೊರವಲಯದ ಸಕಲವಾರದಲ್ಲಿ ನಿಮ್ಹಾನ್ಸ್‌ನವರು ಸಣ್ಣ ಪ್ರಮಾಣದಲ್ಲಿ ಇದೇ ಕೆಲಸ ಮಾಡಿದ್ದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಐದು ವರ್ಷ ಬಳ್ಳಾರಿಯಲ್ಲಿ ಪ್ರಯೋಗ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಮಾಮೂಲಿ ವೈದ್ಯರಿಗೇ ತರಬೇತಿ ಕೊಟ್ಟು, ಅಗತ್ಯದ ಕೆಲವೇ ಔಷಧಿಗಳನ್ನು ಅಲ್ಲೇ ಇಟ್ಟು, ಆರೋಗ್ಯ ಕಾರ್ಯಕರ್ತರಿಂದ ಮನೆಮನೆಯ ಭೇಟಿ ಮಾಡಿಸಿದರು. ಮೂರ್ಛೆರೋಗವನ್ನೂ ಅದರಲ್ಲೇ ಸೇರಿಸಿಕೊಂಡಿದ್ದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದ್ದು ಇದನ್ನೇ ಮಾದರಿಯಾಗಿಟ್ಟುಕೊಂಡು. ವೈದ್ಯಕೀಯ ಪುಸ್ತಕಗಳಲ್ಲಿ ಇಂದಿಗೂ ಅದರ ಹೆಸರು 'ಬಳ್ಳಾರಿ ಮಾದರಿ'. ಹೊರಗಿನವರು ನಿಮ್ಮ ಜಿಲ್ಲೆಯನ್ನು ಗಣಿಯ ಹೆಸರಿನಲ್ಲಿ ಮಾತ್ರ ನೆನೆಯುವುದು ನಿಮಗೂ ಬೇಸರವಿದ್ದೀತು.

ಇನ್ನು ಮತದ ಮಾತು. ಕಾಯಿಲೆ ಇದೆ ಎಂಬ ಕಾರಣಕ್ಕೆ ಯಾರ ಮತವೂ ಹೋಗುವುದಿಲ್ಲ. ಸಕ್ಷಮ ನ್ಯಾಯಾಲಯ ಒಬ್ಬರನ್ನು ಅಸ್ವಸ್ಥಚಿತ್ತರೆಂದು ಘೋಷಿಸಿದ್ದರೆ ಮಾತ್ರ ಪಟ್ಟಿಯಿಂದ ಹೆಸರು ತೆಗೆಯಬಹುದು. ಊರವರ ಘೋಷಣೆಗೆ ಆ ಅಧಿಕಾರವಿಲ್ಲ. 'ಹುಚ್ಚ' ಎಂಬ ಪದಕ್ಕಾಗಿ ನಿಮ್ಮನ್ನು ಗದರಿಸುವ ಯೋಗ್ಯತೆಯೂ ನನಗಿಲ್ಲ. ನಮ್ಮ ಹಳೆಯ ಸಂಚಿಕೆಗಳ ನಗೆಹನಿ ಕಾಲಂ ತೆಗೆದು ನೋಡಿದೆ, ಹಾಸ್ಯಕ್ಕೆ ಬೇರೆ ವಸ್ತುವೇ ಇರಲಿಲ್ಲವೇನೋ ಎನ್ನಿಸಿತು.

ನಿಮ್ಮ ಅಭ್ಯರ್ಥಿಯ ವಕೀಲಿಕೆಗೆ ನಾನು ನಿಂತಿಲ್ಲ. ವಾರಕ್ಕೊಮ್ಮೆ ಮನೋವೈದ್ಯರು ಊರಿಗೆ ಬರುವ ಭರವಸೆಯನ್ನು ನಾನೂ ನಂಬುವುದಿಲ್ಲ. ವೈದ್ಯರನ್ನು ನೇಮಿಸುವುದು ಆರೋಗ್ಯ ಇಲಾಖೆ, ಪಂಚಾಯಿತಿಯಲ್ಲ. ಮೇಲಾಗಿ ಅದು ಬೇಕಾಗಿಯೂ ಇಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂರುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರವೇ ಮಾಡಿದೆ. ತೊಡಕು ಬರುವುದು ಬುಧವಾರದಿಂದ. ಮೊದಲ ಸಲ ಮನೆಮಂದಿಯೆಲ್ಲ ಕರೆದುಕೊಂಡು ಹೋಗುತ್ತಾರೆ. ಒಂದು ತಿಂಗಳ ಮಾತ್ರೆ ತರುತ್ತಾರೆ. ಹುಡುಗ ನಿದ್ದೆ ಮಾಡುತ್ತಾನೆ, ಊಟ ಮಾಡುತ್ತಾನೆ, 'ಗುಣವಾಯಿತು' ಎನ್ನುತ್ತಾರೆ. ಮುಂದಿನ ತಿಂಗಳು ಭತ್ತದ ನಾಟಿ, ಒಂದು ದಿನದ ಕೂಲಿ ಬಿಟ್ಟು ಬಸ್ಸಿಗೆ ದುಡ್ಡು ಹಾಕುವವರು ಯಾರು? ಮಾತ್ರೆ ನಿಲ್ಲುತ್ತದೆ. ಕೆಲವು ವಾರ ಕಳೆದು ಕಾಯಿಲೆ ಮರಳಿದಾಗ ಔಷಧಿಯೇ ಸುಳ್ಳು ಎಂದಾಗುತ್ತದೆ, ಮನೆಯವರು ಹರಕೆಯ ಕಡೆಗೋ ಹಗ್ಗದ ಕಡೆಗೋ ತಿರುಗುತ್ತಾರೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ (ಅದು ನಡೆದ ಹನ್ನೆರಡು ರಾಜ್ಯಗಳಲ್ಲಿ ನಮ್ಮದು ಇರಲಿಲ್ಲ) ಚಿಕಿತ್ಸೆ ಬೇಕಾಗಿಯೂ ಸಿಗದವರ ಪ್ರಮಾಣ, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92 ಎಂದಿತ್ತು.

ತೀರ್ಥಹಳ್ಳಿ ಮತ್ತು ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ವೈದ್ಯರು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವವರನ್ನು ಹಳ್ಳಿಹಳ್ಳಿಯಲ್ಲಿ ಗುರುತಿಸಿ ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟರು. ಚಿಕಿತ್ಸೆಯಲ್ಲಿ ಉಳಿದವರ ದೈನಂದಿನ ಬದುಕು ಸುಧಾರಿಸಿತು. ಔಷಧಿಗಳು ಹೊಸವೇನಲ್ಲ, ಅಗ್ಗದವೇ. 'ಮಾತ್ರೆ ತಗೊಂಡೆಯಾ' ಎಂದು ಬಾಗಿಲಿಗೆ ಬಂದು ಕೇಳುವವರು ಇರಬೇಕು, ಅಷ್ಟೆ. ಆಶಾ ಆಗಿದ್ದವರಿಗೆ ಇದು ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಆದರೂ ಆಕೆ ಭಾಷಣದಲ್ಲಿ ದೊಡ್ಡ ಡಾಕ್ಟರರನ್ನು ತರುತ್ತಾರೆ. ಮತ ಕೇಳಲು ಹೊರಟರೆ ಎಲ್ಲರಿಗೂ ಹೀಗಾಗುತ್ತದೋ ಏನೋ.

ಪಂಚಾಯಿತಿಗೂ ಇದಕ್ಕೂ ಸಂಬಂಧವೇನು ಎಂದಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದ ಶೇ 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಅದು ಗಾಲಿಕುರ್ಚಿ, ಊರುಗೋಲಿಗಷ್ಟೇ ಎಂದು ಯಾರು ಹೇಳಿದರು? ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂದು ಪಂಚಾಯಿತಿಗೊಬ್ಬರು ಇದ್ದಾರೆ. ಅವರ ಪಟ್ಟಿಯಲ್ಲಿ ಆ ಕೊಟ್ಟಿಗೆಯ ಹುಡುಗನ ಹೆಸರಿದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು. ಗ್ರಾಮ ಆರೋಗ್ಯ ಸಮಿತಿಯಲ್ಲಿ ಪಂಚಾಯಿತಿ ಸದಸ್ಯರಿಗೆ ಜಾಗವಿದೆ, ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಮುಗಿದಿದ್ದರೆ ಅಲ್ಲಿ ಗಲಾಟೆ ಮಾಡಬಹುದು. ಆಕೆ ಮತ್ತೆ ನಿಮ್ಮ ಮನೆಗೆ ಬಂದಾಗ ಈ ಲೆಕ್ಕ ಕೇಳಿ. ಉತ್ತರ ಇದ್ದರೆ ಮತ ಹಾಕುವುದೋ ಬಿಡುವುದೋ ನಿಮ್ಮಿಷ್ಟ. ರಸ್ತೆಯ ಬಗ್ಗೆ ಮಾತಾಡುವ ಉಳಿದವರನ್ನೂ ಇಷ್ಟೇ ನಿಷ್ಠುರವಾಗಿ ಕೇಳುತ್ತೀರಿ ಎಂದುಕೊಂಡಿದ್ದೇನೆ.

ಆ ಹುಡುಗನ ವಿಷಯ ಮಾತ್ರ ಮತ ಎಣಿಕೆಯವರೆಗೆ ಕಾಯುವಂಥದ್ದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಎದ್ದು ಓಡಲಾಗದೆ ಸತ್ತರು, ಸಾವಿನ ಸಂಖ್ಯೆ 28ಕ್ಕೆ ಮುಟ್ಟಿತು. ಪೊಲೀಸರಿಗೆ ತಿಳಿಸಲು ಕಾನೂನಿನಲ್ಲಿ ದಾರಿಯಿದೆ, ಆದರೆ ಮೊದಲೇ ಆ ದಾರಿ ಹಿಡಿಯಬೇಡಿ. ಕಟ್ಟಿಹಾಕಿದ ತಾಯಿ ತಂದೆ ಕಟುಕರಲ್ಲ, ಹಗಲೆಲ್ಲ ಕೂಲಿಗೆ ಹೋಗುವವರಿರಬಹುದು. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ; ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆಮೇಲೆ ಮನೆಯವರ ಜೊತೆ ಕೂತು ಮಂಗಳವಾರ ಸಿರುಗುಪ್ಪಕ್ಕೆ ಕರೆದುಕೊಂಡು ಹೋಗಲು ಒಪ್ಪಿಸಿ. ಊರಿನಲ್ಲಿ ಮೇಷ್ಟ್ರ ಮಾತು ಇನ್ನೂ ನಡೆಯುತ್ತದೆ. ಆ ಹುಡುಗ ನಿಮ್ಮ ಶಾಲೆಯಲ್ಲೇ ಓದಿದವನೇ ಎಂಬುದನ್ನು ನೀವು ಬರೆದಿಲ್ಲ.

— ಸಂ.